ಒಂದೇ ಬಾಗಿಲಿನ ವಠಾರ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಾವಿದ್ದ ವಠಾರಕ್ಕೆ ಬೀದಿಯ ಕಡೆ ಇದ್ದದ್ದು ಒಂದೇ ಬಾಗಿಲು. ಒಳಗೆ ಏಳು ಮನೆ. ನಡುವೆ ಒಂದು ನಲ್ಲಿ, ಹಿಂದೆ ಎರಡು ಕಕ್ಕಸು, ಒಂದು ತುಳಸಿಕಟ್ಟೆ. ಮೊದಲ ಮನೆಯ ಮೇಷ್ಟ್ರಿಗೂ ಕೊನೆಯ ಮನೆಯ ಪ್ರೆಸ್ಸಿನವರಿಗೂ ವರ್ಷಗಟ್ಟಲೆ ಮಾತಿರಲಿಲ್ಲ. ಒಬ್ಬರು ನೀರು ಹಿಡಿದು ಒಳಗೆ ಹೋದಮೇಲೆ ಇನ್ನೊಬ್ಬರು ಬಿಂದಿಗೆ ತರುತ್ತಿದ್ದರು. ಪೋಸ್ಟ್‌ಮ್ಯಾನ್‌ಗೆ ಮಾತ್ರ ಅದೆಲ್ಲ ಒಂದೇ ವಿಳಾಸ. ಕಾಗದಗಳನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಹೋಗಿಬಿಡುತ್ತಿದ್ದ. ಯಾರಿಗೆ ಬಂದದ್ದು ಯಾರ ಕೈ ಸೇರಿತು ಅನ್ನುವುದು ಒಳಗಿದ್ದವರ ಪಾಡು.

ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಎಂಬ ಉದ್ದ ಹೆಸರಿನ ಕಾಯಿಲೆಯ ಬಗ್ಗೆ ಓದತೊಡಗಿದಾಗ, ಎಂದೋ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದ ಆ ವಠಾರ ಮತ್ತೆ ಮತ್ತೆ ಕಣ್ಣೆದುರು ಬಂತು. ಚಿಕ್ಕದಾಗಿ ಡಿಐಡಿ. ಹಿಂದೆ ಮಲ್ಟಿಪಲ್ ಪರ್ಸನಾಲಿಟಿ ಅನ್ನುತ್ತಿದ್ದರು. 1994ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯಲ್ಲಿ ಹೆಸರು ಬದಲಿಸಿದರು. ಒಬ್ಬರೊಳಗೆ ಹತ್ತು ಜನ ತುಂಬಿಕೊಂಡಿದ್ದಾರೆ ಅನ್ನುವ ವಿವರಣೆ ತಪ್ಪು ದಾರಿ ಹಿಡಿಸುತ್ತಿತ್ತು. ಒಂದಾಗಿ ಕೂಡಿಕೊಳ್ಳಬೇಕಿದ್ದ 'ನಾನು' ಕೂಡಿಕೊಳ್ಳಲೇ ಇಲ್ಲ ಅನ್ನುವುದು ಹೆಚ್ಚು ಸರಿ ಎಂದು ಅವರಿಗೆ ತೋರಿತ್ತು. ಎಳೆಯ ಮಗುವಿನಲ್ಲಿ ಹಸಿವಿನ ನಾನು, ಆಟದ ನಾನು, ಹೆದರಿದ ನಾನು ಎಲ್ಲ ಬಿಡಿಬಿಡಿಯಾಗಿಯೇ ಇರುತ್ತವೆ. ಬೆಳೆಯುತ್ತ ಬೆಳೆಯುತ್ತ ಅವು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಆ ಹೆಣಿಗೆ ನಡೆಯುವ ವಯಸ್ಸಿನಲ್ಲೇ ತಡೆಯಲಾರದ್ದು ಏನಾದರೂ ನಡೆದರೆ, ಒಮ್ಮೆಯಲ್ಲ, ಮತ್ತೆ ಮತ್ತೆ, ಅದೂ ಓಡಿಹೋಗಿ ಯಾರ ಮಡಿಲು ಸೇರಬೇಕೋ ಅವರಿಂದಲೇ ನಡೆದರೆ, ಮಗು ಓಡುವುದೆಲ್ಲಿಗೆ? ಒಳಕ್ಕೆ. 'ಇದು ನನಗಾಗುತ್ತಿಲ್ಲ, ಅವಳಿಗೆ ಆಗುತ್ತಿದೆ' ಎಂದುಕೊಂಡು ಒಂದು ಗೋಡೆ ಎಬ್ಬಿಸುತ್ತದೆ. ಆ ಗೋಡೆಯಿಂದಾಗಿಯೇ ಮಾರನೆಯ ದಿನ ಎದ್ದು, ಎರಡು ಜಡೆ ಹಾಕಿಸಿಕೊಂಡು, ಸ್ಕೂಲಿಗೆ ಹೋಗಲು ಆಗುತ್ತದೆ.

ಗೋಡೆ ಎಂದಾಗ ನೆನಪಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು, ಒತ್ತೊತ್ತಾದ ಪೇಟೆಯ ಓಣಿಗಳಲ್ಲಿ ಜನ ಸತ್ತ ಮೇಲೆ ಬೆಳೆದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಅಗಲ ಬೀದಿ, ಮನೆಯಿಂದ ಮನೆಗೆ ಅಂತರ, ಹಿತ್ತಲ ಹಿಂದೆ ಸ್ವಚ್ಛತೆಗೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ. ನಾವು ಇಂದು ಹಳೆ ಬೆಂಗಳೂರಿನ ಸೊಗಸು ಎಂದು ಫೋಟೊ ತೆಗೆಯುವ ಆ ಅಂತರ ಆವತ್ತು ಬದುಕಿ ಉಳಿಯಲು ಮಾಡಿಕೊಂಡದ್ದು. ಪ್ಲೇಗ್ ಹೋಯಿತು, ಗಲ್ಲಿಗಳು ಉಳಿದವು.

ಎನ್.ಆರ್. ಕಾಲೊನಿಯ ಒಬ್ಬ ಹೆಂಗಸು ಎಂದುಕೊಳ್ಳೋಣ. 34 ವರ್ಷ, ಬ್ಯಾಂಕಿನಲ್ಲಿ ಕೆಲಸ, ತಾಯಿಯೊಡನೆ ವಾಸ. (ಇವಳ ವಿಳಾಸ ಹುಡುಕಬೇಡಿ. ವೈದ್ಯರು ಬರೆದಿಟ್ಟ, ಈ ಕಾಯಿಲೆ ಇರುವವರೇ ಹೇಳಿಕೊಂಡ ಸಂಗತಿಗಳನ್ನು ಒಟ್ಟು ಮಾಡಿ, ಒಬ್ಬಳ ಮೈಮೇಲೆ ಹೊದಿಸಿ, ನಮ್ಮ ಬೀದಿಯಲ್ಲಿ ನಿಲ್ಲಿಸಿದ್ದೇನೆ.) ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಡಿ.ವಿ.ಜಿ. ರಸ್ತೆಯ ಔಷಧಿ ಅಂಗಡಿಯ ಮುಂದೆ ನಿಂತಿದ್ದಳು. ಕಣ್ಣು ಮುಚ್ಚಿ ತೆರೆದಂತೆ, ಕತ್ತಲಾಗಿದೆ. ದೊಡ್ಡ ಗಣಪತಿ ದೇವಸ್ಥಾನದ ಹತ್ತಿರ ಒಂದು ಕಲ್ಲುಬೆಂಚಿನ ಮೇಲೆ ಕೂತಿದ್ದಾಳೆ. ತೊಡೆಯ ಮೇಲೆ ಬೆಂಡು ಬತ್ತಾಸಿನ ಪೊಟ್ಟಣ. ಬ್ಯಾಗಿನಲ್ಲಿದ್ದ ಐನೂರರ ನೋಟು ಮುರಿದಿದೆ. ಮಧ್ಯದ ನಾಲ್ಕು ಗಂಟೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳಿಗೆ ಸಿಹಿ ಸೇರುವುದಿಲ್ಲ. ಪೊಟ್ಟಣವನ್ನು ಕಸದ ಬುಟ್ಟಿಗೆ ಎಸೆದು, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿ, ಆಟೊ ಹಿಡಿಯುತ್ತಾಳೆ. ಮನೆಯಲ್ಲಿ ತಾಯಿ, 'ಬೆಳಿಗ್ಗೆ ನನ್ನ ಮೇಲೆ ಹಂಗೆ ಕೂಗಾಡಿದೆಯಲ್ಲ, ಈಗ ಏನೂ ಆಗದವಳ ಥರ ಬಂದೆಯಲ್ಲ' ಅನ್ನುತ್ತಾರೆ. ಕೂಗಾಡಿದ್ದೂ ನೆನಪಿಲ್ಲ. 'ಸಾರಿ ಅಮ್ಮ' ಅನ್ನುತ್ತಾಳೆ. ನೆನಪಿಲ್ಲದ್ದಕ್ಕೆಲ್ಲ ಸಾರಿ ಕೇಳುವುದು ಅವಳಿಗೆ ಎಷ್ಟೋ ವರ್ಷದ ಅಭ್ಯಾಸ.

ಡಿಐಡಿ ಹೆಚ್ಚಾಗಿ ಕಾಣಿಸುವುದು ಹೀಗೇ. ಕಳೆದುಹೋದ ಗಂಟೆಗಳು, ತನ್ನದಲ್ಲದ ಕೈಬರಹ, ತಾನು ಕೊಳ್ಳದ ವಸ್ತು, ತಲೆಯೊಳಗೆ ಜಗಳವಾಡುವ ದನಿಗಳು, ಕನ್ನಡಿಯಲ್ಲಿ ಅಪರಿಚಿತ ಮುಖ. ಕಣ್ಣು ಕೆಂಪಾಗುವುದಿಲ್ಲ, ಕೂದಲು ಕೆದರುವುದಿಲ್ಲ, ಗೆಜ್ಜೆ ಸದ್ದು ಕೇಳುವುದಿಲ್ಲ. ಬಹುಪಾಲು ಜನ ಇದನ್ನು ಮುಚ್ಚಿಡುವುದರಲ್ಲೇ ಜೀವ ಸವೆಸುತ್ತಾರೆ. ಖಿನ್ನತೆಗೆ, ಮೂರ್ಛೆಗೆ, ಬಾರ್ಡರ್‌ಲೈನ್ ಪರ್ಸನಾಲಿಟಿಗೆ, ಸ್ಕಿಜೋಫ್ರೇನಿಯಾಕ್ಕೆ ಎಂದು ಔಷಧಿ ಪಡೆಯುತ್ತ ಸರಿಯಾದ ಹೆಸರು ಸಿಗುವ ಹೊತ್ತಿಗೆ 5ರಿಂದ 12 ವರ್ಷ ಆಗಿರುತ್ತದೆ ಎಂದು ಪಾಶ್ಚಾತ್ಯ ಅಧ್ಯಯನಗಳು ಹೇಳುತ್ತವೆ. ಸ್ಕಿಜೋಫ್ರೇನಿಯಾದೊಡನೆ ಗೊಂದಲ ನಮ್ಮಲ್ಲಿ ಇನ್ನೂ ಹೆಚ್ಚು. ಅದಕ್ಕೆ ಕನ್ನಡದಲ್ಲಿ ಛಿದ್ರಮನಸ್ಕತೆ ಎಂಬ ಹೆಸರು ಬೇರೆ ಕೊಟ್ಟಿದ್ದೇವೆ. ಕೇಳಿದವರಿಗೆ ಎರಡೂ ಒಂದೇ ಅನ್ನಿಸುತ್ತದೆ, ಎರಡೂ ಬೇರೆಬೇರೆ.

ನಮ್ಮ ಭಾಷೆಯಲ್ಲಿ ಒಂದು ವಿಚಿತ್ರ ಅನುಕೂಲವಿದೆ. ಹಿಂದಿಯಲ್ಲಿ 'ಬಂದೆ' ಅನ್ನಬೇಕಾದರೆ ಗಂಡೋ ಹೆಣ್ಣೋ ಎಂದು ಕ್ರಿಯಾಪದವೇ ಬಯಲು ಮಾಡುತ್ತದೆ. ಕನ್ನಡದ 'ನಾನು ಬಂದೆ' ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಆರು ವರ್ಷದ ಹುಡುಗಿ, ಸಿಡುಕು ಹುಡುಗ, ಮನೆಯ ಲೆಕ್ಕ ನೋಡುವ ಹಿರಿಯಳು, ಯಾರು ಮುಂದೆ ಬಂದು ಮಾತಾಡಿದರೂ ಅದೇ ನಾನು, ಅದೇ ಬಂದೆ. ಹಳೆ ಬಸವನಗುಡಿಯ ಹಿರಿಯರಂತೂ ತಮ್ಮೊಬ್ಬರ ಬಗ್ಗೆಯೇ 'ನಾವು ಊಟ ಮಾಡಿಬಿಟ್ವಿ' ಅನ್ನುತ್ತಾರೆ, ಯಾರೂ ಹುಬ್ಬೇರಿಸುವುದಿಲ್ಲ. ಇಷ್ಟು ಉದಾರವಾದ ಸರ್ವನಾಮ ಇಟ್ಟುಕೊಂಡ ಊರಿನಲ್ಲಿ ಈ ಕಾಯಿಲೆಗೆ ಇರುವ ಆಡುಮಾತು ಮಾತ್ರ ಒಂದೇ: ನಾಗವಲ್ಲಿ.

ನಾಗವಲ್ಲಿಯ ನೆರಳು

'ಆಪ್ತಮಿತ್ರ' ತೆರೆಗೆ ಬಂದದ್ದು 2004ರ ಆಗಸ್ಟ್‌ನಲ್ಲಿ. ಮಲಯಾಳದ 'ಮಣಿಚಿತ್ರತಾಳ್'ನಿಂದ ಬಂದ ಕಥೆ, ವಿಷ್ಣುವರ್ಧನ್ ಮನೋವೈದ್ಯನಾಗಿ, ಸೌಂದರ್ಯ ತನ್ನನ್ನು ನಾಗವಲ್ಲಿ ಎಂದು ನಂಬತೊಡಗುವ ಗಂಗಾ ಆಗಿ. ಸೌಂದರ್ಯ ಅದೇ ವರ್ಷ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಮುಂದಿನ ಭಾಗ 'ಆಪ್ತರಕ್ಷಕ' 2010ರಲ್ಲಿ ಬಿಡುಗಡೆಯಾಗುವ ಹೊತ್ತಿಗೆ ವಿಷ್ಣುವರ್ಧನ್ ಇರಲಿಲ್ಲ. ಎರಡು ಸಾವುಗಳನ್ನು ಗಂಟು ಹಾಕಿ ಜನ ನಾಗವಲ್ಲಿಗೆ ಪರದೆಯಾಚೆಯ ಶಕ್ತಿಯನ್ನೂ ಕೊಟ್ಟರು. ಕಥೆಯಲ್ಲಿ ದೆವ್ವವಿಲ್ಲ, ಕಾಯಿಲೆಯಿದೆ ಎಂದು ವಿಷ್ಣುವರ್ಧನ್ ಸಿನಿಮಾದುದ್ದಕ್ಕೂ ವಾದಿಸುತ್ತಾರೆ. ಆದರೂ ಥಿಯೇಟರಿನಿಂದ ಹೊರಬಂದವರು ಮನೆಗೆ ಒಯ್ದದ್ದು ಕಾಯಿಲೆಯನ್ನಲ್ಲ, ದಿಟ್ಟಿಸುವ ಕಣ್ಣುಗಳನ್ನು. ಅಂದಿನಿಂದ ಸೊಸೆ ಸ್ವಲ್ಪ ದನಿ ಎತ್ತಿದರೆ 'ನಾಗವಲ್ಲಿ ಬಂದ್ಲು'. ನಾನೂ ಅಂದಿದ್ದೇನೆ, ನಗಾಡಿದ್ದೇನೆ.

ಸಿನಿಮಾದ ಚಿಕಿತ್ಸೆ ಏನೆಂದು ನೆನಪಿದೆಯೆ? ಒಳಗಿನ ಇನ್ನೊಬ್ಬಳನ್ನು ನಂಬಿಸಿ, ಅವಳ ಸೇಡು ತೀರಿತೆಂಬ ನಾಟಕ ಹೂಡಿ, ಸಾಗಹಾಕುವುದು. ಮಂತ್ರವಾದಿ ಮಾಡುವುದೂ ಇದನ್ನೇ. ಡಿಐಡಿಯ ಮಟ್ಟಿಗೆ ತಲೆಕೆಳಗಾದ ಮಾತು ಇದು. ಓಡಿಸಲು ಹೊರಟರೆ ಒಳಗಿನವರು ಇನ್ನಷ್ಟು ಆಳಕ್ಕೆ ಇಳಿದು ಬಾಗಿಲು ಹಾಕಿಕೊಳ್ಳುತ್ತಾರೆ, ಇಲ್ಲವೆ ಸಿಟ್ಟಿನಿಂದ ಆ ಮೈಗೇ ಪೆಟ್ಟು ಮಾಡುತ್ತಾರೆ. ಯಾಕೆಂದರೆ ಅಲ್ಲಿ ಹೊರಗಿನಿಂದ ಬಂದವರು ಯಾರೂ ಇಲ್ಲ. ಓಡಿಸಿದರೆ ಹೋಗಲು ಅವರಿಗೆ ಬೇರೆ ಮೈಯಿಲ್ಲ.

ಮೈಮೇಲೆ ಬರುವುದು ನಮಗೆ ಹೊಸತಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಸೀರೆಯುಟ್ಟು, ಬಳೆ ತೊಟ್ಟು, ತಲೆಯ ಮೇಲೆ ಮಲ್ಲಿಗೆಯ ಗೋಪುರದ ಕರಗ ಹೊತ್ತು ಹೊರಡುವ ಗಂಡಸು ಆ ರಾತ್ರಿ ದ್ರೌಪದಿ. ಅದನ್ನು ಊರಿಡೀ ಒಪ್ಪುತ್ತದೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾದವರೂ ಒಪ್ಪಿ ಬರಮಾಡಿಕೊಳ್ಳುತ್ತಾರೆ. ತುಳುನಾಡಿನಲ್ಲಿ ದೈವ ದರ್ಶನಕ್ಕೆ ಬರುತ್ತದೆ, ಎದುರಿಗೆ ನಿಂತ ಗುತ್ತಿನ ಯಜಮಾನನೂ ಕೈಮುಗಿದು ಉತ್ತರ ಕೊಡುತ್ತಾನೆ. ಉಡುಪಿ ಕಡೆಯ ಕೋಟದಲ್ಲಿ ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಮನೆಮನೆ ಸುತ್ತಿ ಬರೆದ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' 1976ರಲ್ಲಿ ಬಂತು. ಹಳ್ಳಿಯ ಜನರ ಸಂಕಟ, ಮೈಮೇಲೆ ಬರುವುದು, ಮಂತ್ರವಾದಿ, ಡಾಕ್ಟರು ಎಲ್ಲವನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ನೋಡಿದ ಪುಸ್ತಕ ಅದು. ಅಲ್ಲಿಂದೀಚೆಗೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಮೈಮೇಲೆ ಬರುವುದರ ಬಗ್ಗೆ ಸಂಶೋಧನೆಯನ್ನೂ ಮಾಡಿದರು, ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಮನೋರೋಗಗಳ ಬಗ್ಗೆ ಸಾಲುಸಾಲು ಪುಸ್ತಕಗಳನ್ನೂ ಬರೆದರು.

ಆಚರಣೆಗೂ ಕಾಯಿಲೆಗೂ ಗೆರೆ ಎಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. 2013ರ ಅಮೆರಿಕದ ಕೈಪಿಡಿ, ಕೆಲವು ಸಂಸ್ಕೃತಿಗಳಲ್ಲಿ ಡಿಐಡಿ 'ಮೈಮೇಲೆ ಬರುವ' ರೂಪದಲ್ಲೂ ಇರಬಹುದೆಂದು ಒಪ್ಪಿಕೊಂಡಿತು. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಇವೆರಡಕ್ಕೂ ಬೇರೆಬೇರೆ ಖಾನೆ ಮಾಡಿದೆ. ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿದ್ದರೆ ಅದು ಕಾಯಿಲೆಯಲ್ಲ ಎಂದು ಕೈಪಿಡಿ, ಪಟ್ಟಿ ಎರಡೂ ಹೇಳುತ್ತವೆ. ಕರಗದ ಪೂಜಾರಿಗೆ ತಿಂಗಳುಗಟ್ಟಲೆ ವ್ರತವಿದೆ, ಹೊರಡುವ ಹೊತ್ತಿದೆ, ಮರಳುವ ಹೊತ್ತಿದೆ, ಕತ್ತಿ ಹಿಡಿದು ಸುತ್ತ ಓಡುವ ವೀರಕುಮಾರರಿದ್ದಾರೆ. ಎನ್.ಆರ್. ಕಾಲೊನಿಯ ಹೆಂಗಸಿಗೆ ಮುಹೂರ್ತವೂ ಇಲ್ಲ, ವೀರಕುಮಾರರೂ ಇಲ್ಲ. ಅವಳು ಒಬ್ಬಳೇ ಬೆಂಚಿನ ಮೇಲೆ ಎಚ್ಚರಗೊಳ್ಳುತ್ತಾಳೆ. ಅಲ್ಲಿಂದ ನಡೆದು ಹೋಗುವಷ್ಟು ದೂರದ ಗವಿಪುರದ ಗವಿ ಗಂಗಾಧರೇಶ್ವರದಲ್ಲಿ ಎರಡು ತಲೆ, ಏಳು ಕೈ, ಮೂರು ಕಾಲಿನ ಅಗ್ನಿಯ ಮೂರ್ತಿಯಿದೆ. ಕಲ್ಲಿಗೆ ಕೈಮುಗಿಯುತ್ತೇವೆ.

ನಿಮ್ಹಾನ್ಸ್‌ನಲ್ಲಿ 2008ಕ್ಕೆ ಕೊನೆಗೊಂಡ ಹತ್ತು ವರ್ಷಗಳ ದಾಖಲೆಗಳನ್ನು ಸಂತೋಷ್ ಚತುರ್ವೇದಿ ಮತ್ತು ಸಂಗಡಿಗರು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದರು. ಡಿಸೋಸಿಯೇಷನ್‌ನ (ಅರಿವು, ನೆನಪು, ಮೈ ಒಂದಕ್ಕೊಂದು ಕಳಚಿಕೊಳ್ಳುವುದರ) ಯಾವುದಾದರೊಂದು ರೂಪ ಇದ್ದವರು ಹೊರರೋಗಿಗಳಲ್ಲಿ ಸಾವಿರಕ್ಕೆ 1.5ರಿಂದ 15ರವರೆಗೆ. ಅವರಲ್ಲಿ ಶೇ 43ರಷ್ಟು ಮಂದಿಯಲ್ಲಿ ಕಂಡದ್ದು ಕೈಕಾಲು ಬಿದ್ದುಹೋಗುವುದು, ಚಲನೆ ನಿಲ್ಲುವುದು. ಶೇ 23ರಷ್ಟು ಮಂದಿಗೆ ಮೂರ್ಛೆಯಂತೆ ಕಾಣುವ, ಮೂರ್ಛೆಯಲ್ಲದ ಸೆಳವು. ಹಲವು ವ್ಯಕ್ತಿತ್ವಗಳ ಕಾಯಿಲೆಗೆ ಈ ಪಟ್ಟಿಯ ಮೇಲ್ಭಾಗದಲ್ಲಿ ಜಾಗವಿಲ್ಲ. ಭಾರತದಲ್ಲಿ ಇದು ನಿಜಕ್ಕೂ ಅಪರೂಪವೆ, ಅಥವಾ ನಮ್ಮ ದುಃಖ ಮಾತಾಗುವ ಬದಲು ಮೈಯಾಗುತ್ತದೆಯೆ, ಅಥವಾ ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲವೆ? ವೈದ್ಯರಲ್ಲೇ ಇದಕ್ಕೆ ಒಮ್ಮತವಿಲ್ಲ. ನನ್ನ ಗುಮಾನಿ ಮೂರನೆಯದರ ಮೇಲೆ. ಕಿಕ್ಕಿರಿದ ಓಪಿಡಿಯಲ್ಲಿ, ಪಕ್ಕದಲ್ಲಿ ಚಿಕ್ಕಪ್ಪ ಕೂತಿರುವಾಗ, 'ನಿಮಗೆ ಸಮಯ ಕಳೆದುಹೋಗುತ್ತದಾ? ಚಿಕ್ಕಂದಿನಲ್ಲಿ ಏನಾದರೂ ಆಗಿತ್ತಾ?' ಎಂದು ಕೇಳಿದರೆ ಯಾವ ಹುಡುಗಿ ಹೌದು ಅನ್ನುತ್ತಾಳೆ? 2007ರಲ್ಲಿ ಕೇಂದ್ರ ಸರ್ಕಾರವೇ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿದಾಗ, ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದೇವೆ ಅಂದವರು ಶೇ 53. ಕರ್ನಾಟಕ ಆ ಹದಿಮೂರರಲ್ಲಿ ಇರಲಿಲ್ಲ. ಇದ್ದಿದ್ದರೆ ನಮ್ಮ ಬೀದಿಗಳು ಬೇರೆ ಉತ್ತರ ಕೊಡುತ್ತಿದ್ದವು ಎಂದು ನನಗೇನೂ ನಂಬಿಕೆಯಿಲ್ಲ.

ಮೂರು ಸಹಿ

ತನ್ನ ಹೆಸರು ಹೇಳಿಕೊಂಡು ಜಗತ್ತಿನೆದುರು ನಿಂತ ಒಬ್ಬಳ ಕಥೆ ಹೇಳಬೇಕೆಂದರೆ ದೂರ ಹೋಗಬೇಕಾಗುತ್ತದೆ. ಕ್ರಿಸ್ ಕಾಸ್ಟ್ನರ್ ಸೈಜ್‌ಮೋರ್ ಹುಟ್ಟಿದ್ದು 1927ರಲ್ಲಿ, ಅಮೆರಿಕದ ಸೌತ್ ಕ್ಯಾರೊಲೈನಾದ ಹಳ್ಳಿಗಾಡಿನಲ್ಲಿ. ತೀರಾ ಎಳವೆಯಲ್ಲಿ ಕಂಡ ಸಾವು, ರಕ್ತಗಳೇ ತನ್ನನ್ನು ಒಡೆದವು ಎಂದು ಮುಂದೆ ಹೇಳಿಕೊಂಡಳು. ಒಬ್ಬ ಮುಳುಗಿ ಸತ್ತಿದ್ದ, ಇನ್ನೊಬ್ಬ ಮರ ಕೊಯ್ಯುವ ಕಾರ್ಖಾನೆಯಲ್ಲಿ ಗರಗಸಕ್ಕೆ ಸಿಕ್ಕಿದ್ದ, ತಾಯಿಯ ತೋಳು ಕೊಯ್ದುಹೋಗಿತ್ತು. ಥಿಗ್‌ಪೆನ್ ಮತ್ತು ಕ್ಲೆಕ್ಲಿ ಎಂಬ ಇಬ್ಬರು ವೈದ್ಯರು ಅವಳಿಗೆ 'ಈವ್' ಎಂದು ಗುಪ್ತನಾಮ ಕೊಟ್ಟು 1957ರಲ್ಲಿ 'ದಿ ತ್ರೀ ಫೇಸಸ್ ಆಫ್ ಈವ್' ಪುಸ್ತಕ ಬರೆದರು. ಅದೇ ವರ್ಷ ಸಿನಿಮಾ ಆಯಿತು, ಈವ್ ಆಗಿ ನಟಿಸಿದ ಜೋಆನ್ ವುಡ್‌ವರ್ಡ್ ಆಸ್ಕರ್ ಗೆದ್ದರು. ಸಾಧು ಈವ್, ಪುಂಡ ಈವ್, ಕೊನೆಗೆ ಇಬ್ಬರನ್ನೂ ಮೀರಿದ ಸಮತೂಕದ ಜೇನ್. ಸುಖಾಂತ.

ಕ್ರಿಸ್ ಬದುಕಿನಲ್ಲಿ ಸುಖಾಂತ ಆಗಿರಲಿಲ್ಲ. ಸಿನಿಮಾ ಓಡುತ್ತಿದ್ದಾಗಲೂ, ಆಮೇಲೂ ಹೊಸಬರು ಬರುತ್ತಲೇ ಇದ್ದರು, ಇಪ್ಪತ್ತಕ್ಕೂ ಹೆಚ್ಚು ಮಂದಿ. ವೈದ್ಯರು ಬದಲಾದರು, ಸುಮಾರು ಎರಡು ದಶಕ ಉರುಳಿತು. ವರ್ಜೀನಿಯಾದಲ್ಲಿ ಟೋನಿ ಟ್ಸೈಟೊಸ್ ಎಂಬ ವೈದ್ಯನ ಬಳಿ ಚಿಕಿತ್ಸೆ ನಡೆಯುತ್ತಿದ್ದಾಗ, 1974ರ ಹೊತ್ತಿಗೆ, ಎಲ್ಲರೂ ಒಂದಾದರು ಎಂದು ಅವಳು ಹೇಳಿಕೊಂಡಳು. 1977ರಲ್ಲಿ 'ಐ ಆಮ್ ಈವ್' ಬರೆದಳು. ಆ ಶೀರ್ಷಿಕೆಯಲ್ಲಿ ನಾನು ಎಂಬ ಪದ ಮೊದಲು ಬಂದದ್ದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಚಿತ್ರ ಬರೆಯುತ್ತ, ಊರೂರಿನಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಮಾತಾಡುತ್ತ 2016ರವರೆಗೆ, 89 ವರ್ಷ, ಬದುಕಿದಳು.

ನನಗೆ ಈ ಕಥೆಯಲ್ಲಿ ಮರೆಯಲಾಗದ್ದು ಒಂದು ಕರಾರುಪತ್ರ. ಸಿನಿಮಾ ಕಂಪನಿ ಹಕ್ಕು ಬರೆಸಿಕೊಳ್ಳುವಾಗ ಮುಂದೆ ಯಾರೂ ತಕರಾರು ಎತ್ತಬಾರದೆಂದು ಮೂರು ವ್ಯಕ್ತಿತ್ವಗಳಿಂದಲೂ ಬೇರೆಬೇರೆ ಸಹಿ ಮಾಡಿಸಿಕೊಂಡಿತಂತೆ. ವೈದ್ಯರು ಒಂದಾಗು ಅನ್ನುತ್ತಿದ್ದ ಕಾಲದಲ್ಲೇ ವಕೀಲರು ಅವಳನ್ನು ಮೂರು ಜನ ಎಂದು ಲೆಕ್ಕ ಹಾಕಿದ್ದರು! 1980ರ ದಶಕದ ಕೊನೆಯಲ್ಲಿ ಅವಳು ಅದೇ ಕಂಪನಿಯ ಮೇಲೆ ದಾವೆ ಹೂಡಿದಳು. ತನ್ನ ಬದುಕಿನ ಕಥೆ ಯಾರದ್ದು ಎಂಬುದೇ ದಾವೆಯ ವಿಷಯ. ರಾಜಿಯಲ್ಲಿ ಮುಗಿಯಿತು.

ಅತ್ತ, 1973ರ 'ಸಿಬಿಲ್' ಪುಸ್ತಕದ ಕಥೆ ಕಹಿ. ಹದಿನಾರು ವ್ಯಕ್ತಿತ್ವಗಳ ಆ ಹೆಂಗಸು ಶರ್ಲಿ ಮೇಸನ್, 1958ರಲ್ಲಿ ತನ್ನ ವೈದ್ಯೆಗೆ ಕಾಗದ ಬರೆದು, ನನ್ನೊಳಗೆ ಬೇರೆ ಯಾರೂ ಇಲ್ಲ, ಸುಳ್ಳು ಹೇಳಿದ್ದೆ ಅಂದಿದ್ದಳು. ವೈದ್ಯೆ ಅದನ್ನು ರೋಗಿಯ ಮೊಂಡಾಟ ಎಂದುಕೊಂಡು ಪಕ್ಕಕ್ಕಿಟ್ಟರು. ಪತ್ರಕರ್ತೆ ಡೆಬ್ಬಿ ನೇಥನ್ 2011ರಲ್ಲಿ ಇದನ್ನೆಲ್ಲ ಬಿಡಿಸಿಟ್ಟರು. ಅಮಲಿನ ಚುಚ್ಚುಮದ್ದು, ಹಿಪ್ನಾಟಿಸಂ, ಬೇಕಾದ ಉತ್ತರ ಬರುವವರೆಗೆ ಕೇಳುವ ಪ್ರಶ್ನೆಗಳು ಸೇರಿದರೆ ಇಲ್ಲದ ವ್ಯಕ್ತಿಗಳನ್ನು ವೈದ್ಯರೇ ಹುಟ್ಟಿಸಬಹುದು ಎಂಬ ಎಚ್ಚರವನ್ನು ಈ ಕಥೆ ಕೊಡುತ್ತದೆ. ಡಿಐಡಿಯೇ ಸುಳ್ಳು ಅನ್ನುವ ವೈದ್ಯರು ಇಂದೂ ಇದ್ದಾರೆ. ಆ ವಾದ ಕೇಳಬೇಕಾದದ್ದೇ. ಆದರೆ ಸುಳ್ಳು ಹೇಳುವವರು ನಾಲ್ಕು ಜನರೆದುರು ನಾಟಕವಾಡುತ್ತಾರೆ, ಕಸದ ಬುಟ್ಟಿಗೆ ಬೆಂಡು ಬತ್ತಾಸು ಎಸೆದು ಸುತ್ತ ನೋಡುವುದಿಲ್ಲ.

ಒಪ್ಪಿಕೊಳ್ಳುವುದೆಂದರೆ

ನಮ್ಮಲ್ಲಿ ಈಗ 'ನಿನ್ನನ್ನು ನೀನು ಪ್ರೀತಿಸು' ಎಂಬ ಮಾತು ಹಾಲಿನ ಪ್ಯಾಕೆಟ್ಟಿನಷ್ಟು ಸಲೀಸಾಗಿ ಸಿಗುತ್ತದೆ. ಡಿಐಡಿ ಇರುವವರ ಮಟ್ಟಿಗೆ ಆ ಮಾತಿನ ಬೆಲೆ ಬೇರೆ. ಒಳಗಿನ ಆರು ವರ್ಷದ ಹುಡುಗಿಯನ್ನು 'ಅವಳೂ ನಾನೇ' ಎಂದು ಒಪ್ಪಿದ ಕ್ಷಣಕ್ಕೆ, ಅವಳ ನೆನಪೂ ನನ್ನದೇ ಆಗುತ್ತದೆ. ಅಷ್ಟು ವರ್ಷ 'ಅವಳಿಗೆ' ಆದದ್ದು ಇನ್ನು 'ನನಗೆ' ಆದದ್ದು. ಪ್ರತಿ ದೀಪಾವಳಿಗೆ ಮನೆಗೆ ಬಂದು ಕಾಲಿಗೆ ಬೀಳಿಸಿಕೊಳ್ಳುವ ಮನುಷ್ಯ ಯಾರೆಂದು ಗೊತ್ತಾಗಿಬಿಡುತ್ತದೆ. ಗೋಡೆ ಅಷ್ಟು ದಿನ ತಡೆದದ್ದು ಇದನ್ನೇ. ಅದಕ್ಕೇ ಒಳ್ಳೆಯ ಚಿಕಿತ್ಸಕರು ಗೋಡೆಗೆ ಸುತ್ತಿಗೆ ಹಾಕಲು ಹೋಗುವುದಿಲ್ಲ.

1992ರಲ್ಲಿ ಜೂಡಿತ್ ಹರ್ಮನ್ ಆಘಾತದ ಚಿಕಿತ್ಸೆಗೆ ಹೇಳಿದ ಕ್ರಮವನ್ನೇ ಇಂದಿಗೂ ಹೆಚ್ಚುಕಡಿಮೆ ಅನುಸರಿಸುತ್ತಾರೆ. ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಬದುಕಿಗೆ ಮರಳುವುದು. ಮೊದಲ ಹಂತಕ್ಕೇ ವರ್ಷಗಳು ಬೇಕಾಗಬಹುದು. ಡಿಐಡಿಗೆಂದೇ ಒಂದು ಮಾತ್ರೆ ಇಲ್ಲ. ನಿದ್ದೆಗೆ, ಖಿನ್ನತೆಗೆ, ಆತಂಕಕ್ಕೆ ಕೊಡುತ್ತಾರೆ. ಉಳಿದದ್ದೆಲ್ಲ ಮಾತಿನ ಚಿಕಿತ್ಸೆ, ವಾರಕ್ಕೊಮ್ಮೆ, ಅದೂ ನಮ್ಮ ನಗರದಲ್ಲಿ ಗಂಟೆಗೆ ಸಾವಿರ ಎರಡು ಸಾವಿರ ಬೇಡುವ ಬಾಬತ್ತು. ಯಾರಿಗೆ ಹೆಚ್ಚು ಬೇಕೋ ಅವರ ಕೈಗೆ ಅದು ಎಟುಕುವುದಿಲ್ಲ.

ಹಂತ ಅಂದರೆ ಏನೋ ದೊಡ್ಡದೆಂದುಕೊಳ್ಳಬೇಡಿ. ಶುರುವಾಗುವುದು ಒಂದು ನೋಟ್‌ಬುಕ್ಕಿನಿಂದ. ಯಾರು ಬೇಕಾದರೂ ಬರೆಯಬಹುದು, ಯಾರದ್ದನ್ನೂ ಹರಿಯಬಾರದು. ಮೊದಮೊದಲು ಬೈಗುಳ ಬರುತ್ತದೆ. ಎಡಕ್ಕೆ ವಾಲಿದ ದೊಡ್ಡ ಅಕ್ಷರ, ಕಾಗದ ಹರಿಯುವಷ್ಟು ಒತ್ತಿ ಬರೆದ ಸಾಲು, ಒಂದು ಪುಟದಲ್ಲಿ ಬರೀ ಬಾಗಿಲಿನ ಚಿತ್ರ. ಸಮಯ ಜಾರುತ್ತಿದೆ ಅನ್ನಿಸಿದಾಗ ಇಲ್ಲಿ ಈಗ ನಿಲ್ಲಲು ಕಾಲಿಗೆ ತಣ್ಣೀರು, ಮೂಗಿಗೆ ಕಾಫಿಪುಡಿ, ಕೈಗೆ ಒರಟು ಕಲ್ಲು, ಎದುರಿಗೆ ಕಾಣುವ ಐದು ವಸ್ತುಗಳ ಹೆಸರು. ಗಾಂಧಿಬಜಾರಿನಲ್ಲಿ ನಿಂತವರಿಗೆ ಈ ಕೊನೆಯದಕ್ಕೆ ಬರವಿಲ್ಲ. ಸೇವಂತಿಗೆ, ಕನಕಾಂಬರ, ಮರುಗ, ಬಾಳೆಎಲೆ, ಹೂ ಮಾರುವವಳ ಬೈಗುಳ.

ಕೆನಡಾದ ಜಾರ್ಜ್ ಫ್ರೇಜರ್ ಎಂಬ ಮನೋವೈದ್ಯ 1991ರಲ್ಲಿ ಒಂದು ವಿಧಾನ ಬರೆದರು. ಒಳಗೊಂದು ಕೋಣೆ ಕಲ್ಪಿಸಿಕೊಳ್ಳುವುದು, ಮೇಜು ಹಾಕುವುದು, ಎಲ್ಲರನ್ನೂ ಕೂರಲು ಕರೆಯುವುದು. ಬಾರದವರಿಗೆ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳಲು ಬಿಡುವುದು. ಓದಿದಾಗ ನನಗೆ ನಗು ಬಂತು, ಇದು ನಮ್ಮ ವಠಾರದ ನಲ್ಲಿ ಪಂಚಾಯಿತಿಯೇ ಸೈ. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ, ಮಾತು ಬಿಟ್ಟವರೂ ತುಳಸಿಕಟ್ಟೆಯ ಸುತ್ತ ಕೂರಬೇಕಾಗುತ್ತಿತ್ತು. ಮೇಷ್ಟ್ರು ಗೋಡೆ ನೋಡಿ ಮಾತಾಡುತ್ತಿದ್ದರು, ಪ್ರೆಸ್ಸಿನವರು ಗೋಡೆಗೆ ಉತ್ತರ ಕೊಡುತ್ತಿದ್ದರು. ಆದರೂ ಯಾರಿಗೆ ಎಷ್ಟು ಬಿಂದಿಗೆ ಎಂದು ತೀರ್ಮಾನ ಆಗುತ್ತಿತ್ತು.

ಎಲ್ಲಕ್ಕಿಂತ ಕಷ್ಟ ಆ ಒತ್ತಿ ಬರೆಯುವವನನ್ನು ಒಪ್ಪುವುದು. ಬಹಳ ಮಂದಿಯ ಒಳಗೆ ಅಂಥವನೊಬ್ಬನಿರುತ್ತಾನೆ, ಕೈ ಕೊಯ್ದುಕೊಳ್ಳುವವನು, 'ನೀನು ಸಾಯಬೇಕು' ಎಂದು ಕಿವಿಯಲ್ಲಿ ಹೇಳುವವನು. ಮನೆಯವರಿಗೆ ಕಾಣುವ 'ದೆವ್ವ' ಅವನೇ. ಚಿಕಿತ್ಸೆಯಲ್ಲಿ ತಾಳ್ಮೆಯಿಂದ ಕೇಳುತ್ತ ಹೋದರೆ ಅವನ ಕೆಲಸ ತಿಳಿಯುತ್ತದಂತೆ. ಬಾಯಿ ಬಿಟ್ಟರೆ ಹೊಡೆತ ಬೀಳುತ್ತಿದ್ದ ಕಾಲದಲ್ಲಿ ಬಾಯಿ ಮುಚ್ಚಿಸಲು ಹುಟ್ಟಿದವನು. ಹೊರಗಿನವನು ಹೊಡೆಯುವ ಮೊದಲೇ ಒಳಗಿನಿಂದ ಹೆದರಿಸಿ ಮಗುವನ್ನು ಸುಮ್ಮನಿರಿಸುತ್ತಿದ್ದ. ಹೊಡೆಯುವವನು ಸತ್ತು ಎಷ್ಟೋ ವರ್ಷವಾಗಿದೆ, ಇವನಿಗೆ ಸುದ್ದಿ ಮುಟ್ಟಿಲ್ಲ, ಬಾಗಿಲಲ್ಲೇ ದೊಣ್ಣೆ ಹಿಡಿದು ನಿಂತಿದ್ದಾನೆ. ಚಿಕಿತ್ಸೆಯಲ್ಲಿರುವ ಡಿಐಡಿ ಇರುವವರಲ್ಲಿ ಶೇ 70ಕ್ಕೂ ಹೆಚ್ಚು ಮಂದಿ ಒಮ್ಮೆಯಾದರೂ ಆತ್ಮಹತ್ಯೆಗೆ ಯತ್ನಿಸಿರುತ್ತಾರೆ ಎಂದು ಅಮೆರಿಕದ ಕೈಪಿಡಿ ದಾಖಲಿಸಿದೆ. ಆದ್ದರಿಂದ ಇದನ್ನು ಗೆಳತಿಯರು, ಅಕ್ಕತಂಗಿಯರು ಮನೆಯಲ್ಲೇ ಬಿಡಿಸಲು ಹೋಗಬಾರದು. ನಿಮ್ಹಾನ್ಸ್ ಕೇಂದ್ರವಾಗಿ ನಡೆಯುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಗೆ ಎಲ್ಲರೂ ಒಬ್ಬರಾಗಲೇಬೇಕೆ? ಕ್ರಿಸ್ ಕಾಲದಲ್ಲಿ ಅದೊಂದೇ ಗುರಿ. 2011ರ ಅಂತರರಾಷ್ಟ್ರೀಯ ಮಾರ್ಗಸೂಚಿ ಒಂದಾಗುವುದನ್ನು ಒಳ್ಳೆಯ ಫಲ ಎಂದರೂ, ಕೆಲವರಿಗೆ ಅದು ಸಾಧ್ಯವಾಗುವುದಿಲ್ಲ, ಕೆಲವರಿಗೆ ಬೇಡವೂ ಇರಬಹುದು, ಹೊಂದಿಕೊಂಡು ಬಾಳುವ ಏರ್ಪಾಡೂ ಸರಿಯೇ ಎಂದು ಒಪ್ಪುತ್ತದೆ. ನನ್ನ ಒಲವು ಇದರ ಕಡೆಗೆ. ಎಷ್ಟೋ ವಠಾರಗಳ ಗೋಡೆ ಕೆಡವಿ ಒಂದೇ ಹಾಲ್ ಮಾಡಿದವರು ಏನನ್ನು ಕಳೆದುಕೊಂಡರೆಂದು ಬಲ್ಲೆ. ಹಾಗೆಂದು ನನ್ನ ಹಳೆ ಮನೆಯ ಹಂಬಲವನ್ನು ಇನ್ನೊಬ್ಬರ ಸಂಕಟದ ಮೇಲೆ ಹೇರುವುದೂ ತಪ್ಪು. ಒಂದಾಗಬೇಕೆ, ಹೊಂದಿಕೊಂಡಿರಬೇಕೆ ಎಂಬುದು ಆ ಮೈಯಲ್ಲಿ ಬದುಕುವವರ ತೀರ್ಮಾನ.

ಗುಣವಾಗಿ ಬಂದವಳನ್ನು ಮನೆ ಏನು ಮಾಡುತ್ತದೆ ಎಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ 'ಶರಪಂಜರ' ಬರೆದರು, ತಮ್ಮ 34ನೇ ವಯಸ್ಸಿನಲ್ಲಿ, 1963ರಲ್ಲಿ ತೀರಿಕೊಂಡರು. ಪುಟ್ಟಣ್ಣ ಕಣಗಾಲ್ 1971ರಲ್ಲಿ ಅದನ್ನು ಸಿನಿಮಾ ಮಾಡಿದರು. ಕಲ್ಪನಾ ಮಾಡಿದ ಕಾವೇರಿಯ ಕಾಯಿಲೆ ಡಿಐಡಿಯಲ್ಲ. ಆದರೆ ಅವಳ ಹಿಂದೆಯೂ ಹೇಳಲಾಗದ ಒಂದು ದೌರ್ಜನ್ಯವಿದೆ. ಆಸ್ಪತ್ರೆ ಅವಳನ್ನು ಗುಣಪಡಿಸಿ ಕಳಿಸುತ್ತದೆ. ಮನೆ, ನೆರೆಹೊರೆ, ಗಂಡ ಸೇರಿ ಅವಳನ್ನು ಮತ್ತೆ ಅಲ್ಲಿಗೇ ಅಟ್ಟುತ್ತಾರೆ. ಹಾಸ್ಯಕ್ಕೆಂದು 'ಕೊರವಂಜಿ' ಪತ್ರಿಕೆ ಹುಟ್ಟುಹಾಕಿದ ಬೆಂಗಳೂರಿನ ಡಾಕ್ಟರು ರಾ.ಶಿ. ಅವರ ಮನೋವೈದ್ಯದ ಪುಸ್ತಕ 'ಮನ ಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದಿಲ್ಲ, ನೋಡಿಲ್ಲ ಎಂದು ಹೇಳುವ ಹಾಗಿಲ್ಲ ನಾವು. ಆದರೂ ಇಂದಿಗೂ ನಮ್ಮ ಬೀದಿಯಲ್ಲಿ 'ನಿಮ್ಹಾನ್ಸ್ ಕೇಸು' ಎಂಬುದು ಬೈಗುಳ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗುಟ್ಟು ಕಾಪಾಡಬೇಕೆಂದು ಆಸ್ಪತ್ರೆಗೆ ಹೇಳುತ್ತದೆ. ಅದೇ ವರ್ಷ ರಾಜ್ಯದಲ್ಲಿ ಆದ ಮೌಢ್ಯ ವಿರೋಧಿ ಕಾಯ್ದೆ ದೆವ್ವ ಬಿಡಿಸುತ್ತೇನೆಂದು ಹೊಡೆಯುವವರನ್ನು ಜೈಲಿಗೆ ಕಳಿಸುತ್ತದೆ. ಮನೆಯೊಳಗಿನ ಮಾತಿಗೆ ಕಾಯ್ದೆಯಿಲ್ಲ.

ಎನ್.ಆರ್. ಕಾಲೊನಿಯ ತಾಯಿ ಕಲಿತದ್ದು ಬಹಳ ಚಿಕ್ಕದು. 'ಈಗ ಯಾರು ನೀನು?' ಎಂದು ಕೇಳುವುದನ್ನು ಬಿಟ್ಟರು. 'ಕಾಫಿ ಬೇಕಾ, ಹಾಲು ಬೇಕಾ?' ಅನ್ನುತ್ತಾರೆ. ಉತ್ತರದಿಂದ ಅವರಿಗೆ ತಿಳಿಯುತ್ತದೆ.

ಕಾರ್ತಿಕದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಕಡಲೆಕಾಯಿ ಪರಿಷೆ. ಮಗಳು ರಜೆ ಹಾಕಿದ್ದಾಳೆ. ನೋಟ್‌ಬುಕ್ಕಿನಲ್ಲಿ ಹಿಂದಿನ ರಾತ್ರಿಯ ಪಟ್ಟಿ: ಹಸಿ ಕಡಲೆಕಾಯಿ ಎರಡು ಸೇರು, ಹುರಿದದ್ದು ಒಂದು ಸೇರು, ಅಮ್ಮನಿಗೆ ಮಣ್ಣಿನ ಹಣತೆ. ಅದರ ಕೆಳಗೆ ಎಡಕ್ಕೆ ವಾಲಿದ ದೊಡ್ಡ ಅಕ್ಷರದಲ್ಲಿ, ಒತ್ತಕ್ಷರ ತಪ್ಪಿ, ಬೆಂಡು ಬತಾಸು. ಅದಕ್ಕೂ ಕೆಳಗೆ, ಒತ್ತಿ ಬರೆದ ಕೈಯಲ್ಲಿ, ಜನ ಜಾಸ್ತಿ, ಏಳು ಗಂಟೆಯೊಳಗೆ ವಾಪಸ್ ಬಾ. ಅವಳು ನೂಕುನುಗ್ಗಲಲ್ಲಿ ಪಟ್ಟಿ ನೋಡಿಕೊಂಡು ಒಂದೊಂದೇ ಕೊಂಡಳು. ಕೊನೆಯ ಅಂಗಡಿಯಲ್ಲಿ ಕಾಲು ಕೆಜಿ ಸಾಕೆಂದವಳು ತಡೆದು ಅರ್ಧ ಕೆಜಿ ಕಟ್ಟಿಸಿದಳು. ಅಂಗಡಿಯವನು 'ಮಗೂಗಾ ಮೇಡಂ?' ಅಂದ. ಹೌದು ಅಂದಳು. ಚಿಲ್ಲರೆ ಎಣಿಸಿಕೊಂಡು ಬ್ಯಾಗಿಗೆ ಹಾಕಿ, ಗಡಿಯಾರ ನೋಡಿದಳು. ಆರೂ ನಲವತ್ತು.